ಬೋರ್ಡು ಕನ್ನಡವಾಯ್ತು, ಗೋಡೌನಿನ ಕಾಗದ ಯಾವಾಗ?

ಕನ್ನಡದ ತರುಣರೇ,

2023ರ ಡಿಸೆಂಬರ್ 27ರಂದು ನಾಮಫಲಕಕ್ಕಾಗಿ ಬೆಂಗಳೂರಿನ ಬೀದಿಗಿಳಿದು ಪೊಲೀಸ್ ವ್ಯಾನು ಹತ್ತಿದವರು ನೀವು. 2024ರಲ್ಲಿ ಶೇಕಡಾ 60 ಕನ್ನಡ ಕಾಯ್ದೆಯೇ ಆಯಿತು. ಭಲೇ! ಈಗ ಆ ಬೋರ್ಡಿನ ಹಿಂದಕ್ಕೆ ಬನ್ನಿ. ನೆಲಮಂಗಲ, ದಾಬಸ್‌ಪೇಟೆ, ಹೊಸಕೋಟೆ ಸುತ್ತ ಹೊಲಗದ್ದೆ ನುಂಗಿ ಎದ್ದಿರುವ ತಗಡಿನ ಗೋಡೌನುಗಳಿಗೆ ಬನ್ನಿ. ನೀವು ಮೊಬೈಲು ಒತ್ತಿ ತರಿಸಿಕೊಳ್ಳುವ ಶರ್ಟು, ಚಪ್ಪಲಿ ಹೊರಡುವುದು ಇಂಥಲ್ಲಿಂದಲೇ. ಕೈಯಲ್ಲಿ ಸ್ಕ್ಯಾನರು ಹಿಡಿದು, ಪಾಳಿಯುದ್ದಕ್ಕೂ ರ‍್ಯಾಕಿನಿಂದ ರ‍್ಯಾಕಿಗೆ ಓಡುವವರಲ್ಲಿ ನಮ್ಮ ಚಳ್ಳಕೆರೆ, ಮೊಳಕಾಲ್ಮುರಿನ ಹುಡುಗರೂ ಇದ್ದಾರೆ. ಮಳೆ ಕೈಕೊಟ್ಟು ಶೇಂಗಾ ಒಣಗಿದ ಮನೆಯವರು, ರೇಷ್ಮೆ ಸೀರೆಯ ಮಗ್ಗ ನಿಂತ ಮನೆಯವರು. ಕೆಲವರು ಮನೆಯಲ್ಲಿ ತೆಲುಗು ಆಡಿದರೂ ಓದಿದ್ದು ಕನ್ನಡ ಶಾಲೆಯಲ್ಲಿ.

ನಾನು ಪ್ರೆಸ್ಸಿನವನು, ಓದಿದ್ದು ಪಿಯುಸಿ. ಕಾಗದ ಕಂಡರೆ ಓದುವ ಚಟ. ಊರಿಗೆ ಬಂದ ಹುಡುಗರು ಜೆರಾಕ್ಸಿಗೆ ತರುವ ಏಜೆನ್ಸಿಯ ಒಪ್ಪಂದ ನೋಡಿದ್ದೇನೆ. ಐದಾರು ಹಾಳೆ, ಇರುವೆ ಗಾತ್ರದ ಇಂಗ್ಲಿಷು. ಅದರಲ್ಲಿ ಕನ್ನಡ ಇರುವುದು ಒಂದೇ ಕಡೆ, ಕೊನೆಯಲ್ಲಿ ಅವನ ರುಜು! ಏನಪ್ಪಾ ಬರೆದಿದೆ ಅಂದರೆ, "ಗೊತ್ತಿಲ್ಲಣ್ಣ, ಸೈನ್ ಹಾಕು ಅಂದ್ರು." ಪಿ.ಎಫ್. ಎಷ್ಟು ಹಿಡಿಯುತ್ತಾರೆ, ಓವರ್‌ಟೈಮಿಗೆ ಎಷ್ಟು, ಎಷ್ಟು ದಿನದ ನೋಟೀಸಿನಲ್ಲಿ ತೆಗೆಯಬಹುದು, ಅವನಿಗೆ ತಿಳಿಯದು.

ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು. ಶೇಂಗಾ ಮಂಡಿಯ ಹಮಾಲಿ ಸುಖವಾಗಿದ್ದ ಎಂದು ನಾನು ಹೇಳಲಾರೆ, ಅವನ ಬೆನ್ನು ನೋಡಿದ್ದೇನೆ. ಆದರೆ ಮಂಡಿಯ ಚೀಟಿ ಕನ್ನಡದಲ್ಲಿತ್ತು. ಎಷ್ಟು ಚೀಲ, ಎಷ್ಟು ಕೂಲಿ ಎಂದು ಪಕ್ಕದವನಿಂದಾದರೂ ಓದಿಸಿಕೊಂಡು ಜಗಳಕ್ಕೆ ನಿಲ್ಲುತ್ತಿದ್ದ. ಜಗಳವಾಡಲಿಕ್ಕಾದರೂ ಲೆಕ್ಕ ಗೊತ್ತಿರಬೇಕಲ್ಲ ಸ್ವಾಮಿ!

ಸೂಚನಾ ಫಲಕಗಳು ಹೆಚ್ಚಿನ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆ ಕೆಲಸಗಾರರಿಗೆ ನೇಮಕಾತಿ ಪತ್ರ ಕಡ್ಡಾಯ ಮಾಡಿದೆ. ಓದಲಾಗದ ಪತ್ರ ಕೊಟ್ಟರೆ ಕೊಟ್ಟಂತಾಯಿತೇ? ಸರ್ಕಾರವೇ ನೋಡಿಕೊಳ್ಳುತ್ತದೆ ಎನ್ನಬೇಡಿ. 2024ರ ಜುಲೈನಲ್ಲಿ ಸ್ಥಳೀಯರ ಉದ್ಯೋಗ ಮಸೂದೆಗೆ ಸಂಪುಟ ಒಪ್ಪಿತು, ಉದ್ಯಮಿಗಳು ಗುಟುರು ಹಾಕಿದರು, ಎರಡೇ ದಿನಕ್ಕೆ ಮಸೂದೆ ಮೂಲೆ ಸೇರಿತು.

ಗೇಟಿನಲ್ಲಿ ಬಿಹಾರದ ಹುಡುಗನ ಮೇಲೆ ಕೈಮಾಡಿ ಬರುವುದು ಹೋರಾಟವಲ್ಲ. ಅವನ ಕೈಯಲ್ಲೂ ಅದೇ ಇಂಗ್ಲಿಷು ಕಾಗದ. ಆಫೀಸಿನೊಳಗೆ ಹೋಗಿ ಕೇಳಿ: ಒಪ್ಪಂದ ಕನ್ನಡದಲ್ಲಿ, ಸಂಬಳದ ಚೀಟಿ ಕನ್ನಡದಲ್ಲಿ, ಫೋರ್ಕ್‌ಲಿಫ್ಟು ಓಡಾಡುವ ಕಡೆ ಎಚ್ಚರಿಕೆ ಕನ್ನಡದಲ್ಲಿ. ಅಚ್ಚಿನ ಖರ್ಚು ಜಾಸ್ತಿಯಾಗುತ್ತದೆ ಎಂದು ಮ್ಯಾನೇಜರು ರಾಗ ಎಳೆದರೆ ನನ್ನ ಹತ್ತಿರ ಕಳಿಸಿ, ಹಾಳೆಗೆ ಎಷ್ಟು ಬೀಳುತ್ತದೆ ಎಂದು ನಾನು ಲೆಕ್ಕ ಹೇಳುತ್ತೇನೆ.