ಮೊದಲ ನೂರು ಮಿಲಿಸೆಕೆಂಡ್ ಕತ್ತರಿಸಬೇಡಿ

ನಮ್ಮ ಡಿಪಾರ್ಟ್‌ಮೆಂಟ್ ಲೈಬ್ರರಿಯಲ್ಲಿರೋ ಹಳೇ ಪ್ರಾಜೆಕ್ಟ್ ರಿಪೋರ್ಟ್‌ಗಳನ್ನ ಒಮ್ಮೆ ತೆಗೆದು ನೋಡಿ. ಇನ್ವರ್ಟರ್ ಪ್ರಾಜೆಕ್ಟ್ ಆಗಿದ್ರೆ ಗ್ರಾಫ್ 0.1 ಸೆಕೆಂಡಿನಿಂದ ಶುರುವಾಗಿರುತ್ತೆ. ಅದಕ್ಕೂ ಮುಂಚೆ ಏನಾಯ್ತು ಅಂತ ಯಾರೂ ಬರೆದಿರಲ್ಲ, ಯಾರೂ ಕೇಳಿರಲ್ಲ. ಆರನೇ ಸೆಮ್‌ನಲ್ಲಿ ನಾವೂ ಹಾಗೇ ಮಾಡಿದ್ವಿ. "ಸೆಟಲ್ ಆದ ಮೇಲಿನ ವೇವ್‌ಫಾರ್ಮ್ ಹಾಕ್ರೋ, ನೀಟಾಗಿ ಕಾಣುತ್ತೆ" ಅಂತ ಸೀನಿಯರ್‌ಗಳು ಹೇಳಿಕೊಟ್ಟಿದ್ದರು.

ಆಮೇಲೆ ಹಾರ್ಡ್‌ವೇರ್ ಕಟ್ಟಿದ್ವಿ. 48 ವೋಲ್ಟ್ ಬ್ಯಾಟರಿ, ಎಚ್-ಬ್ರಿಡ್ಜ್, ಸೈನ್ ಪಿಡಬ್ಲ್ಯುಎಂ, ಮುಂದೆ ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್. ಸ್ವಿಚ್ ಒತ್ತಿದ್ದೇ ತಡ, ಎಸ್.ಪಿ. ರೋಡಿನಿಂದ ತಂದಿದ್ದ ನಾಲ್ಕೂ ಮಾಸ್‌ಫೆಟ್ ಢಮಾರ್. ಡೆಮೊಗೆ ಎರಡೇ ದಿನ ಬಾಕಿ. ಡೆಡ್ ಟೈಮ್ ಸರಿಯಾಗಿತ್ತು. ಲೋಡ್ ಹಾಕೇ ಇರಲಿಲ್ಲ. ಹಾಗಾದ್ರೆ ಅಷ್ಟು ಕರೆಂಟ್ ಹೋಗಿದ್ದೆಲ್ಲಿಗೆ?

ಉತ್ತರ ನಾವು ಕತ್ತರಿಸಿ ಎಸೆದ ಭಾಗದಲ್ಲೇ ಇತ್ತು. ಸೈನ್ ಅಲೆ ಸೊನ್ನೆಯಿಂದ ಶುರುವಾದ್ರೆ ಸೇಫ್ ಅಂತ ನಮಗೆಲ್ಲ ಅನ್ಸುತ್ತೆ. ಟ್ರಾನ್ಸ್‌ಫಾರ್ಮರ್‌ಗೆ ಅದೇ ಕೆಟ್ಟ ಗಳಿಗೆ. ಫ್ಲಕ್ಸ್ ಅಂದ್ರೆ ವೋಲ್ಟೇಜಿನ ಇಂಟೆಗ್ರಲ್. ಪೂರ್ಣ ವೋಲ್ಟೇಜಿನ ಮೊದಲ ಅರ್ಧ ಸೈಕಲ್, ಅಂದ್ರೆ 10 ಮಿಲಿಸೆಕೆಂಡ್, ಒಂದೇ ದಿಕ್ಕಿನಲ್ಲಿ ಕೂಡುತ್ತಾ ಹೋಗಿ ಫ್ಲಕ್ಸ್ ಮಾಮೂಲಿ ಗರಿಷ್ಠದ ಎರಡು ಪಟ್ಟು ಮುಟ್ಟೋಕೆ ಹೊರಡುತ್ತೆ. ಕೋರ್ ಸ್ಯಾಚುರೇಟ್ ಆಗುತ್ತೆ. ಆಗ ಪ್ರೈಮರಿ ಹೆಚ್ಚುಕಮ್ಮಿ ಬರೀ ತಾಮ್ರದ ತಂತಿ. ಸಿಮ್ಯುಲೇಶನ್‌ನಲ್ಲಿ ನಾವಿಟ್ಟಿದ್ದು ಲೀನಿಯರ್ ಟ್ರಾನ್ಸ್‌ಫಾರ್ಮರ್, ಅದಕ್ಕೆ ಸ್ಯಾಚುರೇಶನ್ ಅನ್ನೋದೇ ಗೊತ್ತಿಲ್ಲ. ಆದ್ರೂ ಮ್ಯಾಗ್ನೆಟೈಸಿಂಗ್ ಕರೆಂಟ್ ಒಂದೇ ಕಡೆ ವಾಲಿದ್ದು ಅದರಲ್ಲೂ ಕಾಣ್ತಿತ್ತು, ನಾವು ನೋಡಿದ್ದಿದ್ರೆ.

ಪರಿಹಾರ ಕೋಡ್‌ನಲ್ಲಿ ನಾಲ್ಕು ಸಾಲು: ಮಾಡ್ಯುಲೇಶನ್ ಇಂಡೆಕ್ಸನ್ನ ಸೊನ್ನೆಯಿಂದ ಅರ್ಧ ಸೆಕೆಂಡಿನಲ್ಲಿ ಮೆಲ್ಲಗೆ ಏರಿಸೋದು. ಹೊಸ ಮಾಸ್‌ಫೆಟ್‌ಗಳು ಇವತ್ತಿಗೂ ಬದುಕಿವೆ.

ಸಿಲಬಸ್ ತಪ್ಪು ಅಂತ ನಾವು ಹೇಳ್ತಿಲ್ಲ. ಸೈನ್ ಪಿಡಬ್ಲ್ಯುಎಂಗಿಂತ ಸ್ಪೇಸ್ ವೆಕ್ಟರ್‌ನಲ್ಲಿ 15.5% ಹೆಚ್ಚು ವೋಲ್ಟೇಜ್ ಸಿಗುತ್ತೆ ಅಂತ ವೈವಾದಲ್ಲಿ ಎಲ್ಲರೂ ಒಪ್ಪಿಸ್ತೀವಿ. ಅದು ಬೇಕೇ ಬೇಕು. 600 ವೋಲ್ಟ್ ಡಿಸಿಯಿಂದ ಮೊದಲನೆಯದರಲ್ಲಿ ಸುಮಾರು 367 ವೋಲ್ಟ್ ಲೈನ್ ವೋಲ್ಟೇಜ್, ಎರಡನೆಯದರಲ್ಲಿ 424. ಲ್ಯಾಬಿನ 415 ವೋಲ್ಟ್ ಮೋಟರಿಗೆ ಯಾವುದು ಸಾಲುತ್ತೆ ಅಂತ ಲೆಕ್ಕ ಹಾಕಿ. ಆದ್ರೆ ಲೋಡ್ ದಿಢೀರ್ ಬಿದ್ದಾಗ ಕಂಟ್ರೋಲರ್‌ಗೆ ವೋಲ್ಟೇಜ್ ಏರಿಸೋಕೆ ಉಳಿಯೋ ಜಾಗವೂ ಇದೇ ಹೆಚ್ಚುವರಿಯೇ ಅಂತ ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಇದು ನಾಲ್ಕು ಮಾಸ್‌ಫೆಟ್ ಕಥೆ ಮಾತ್ರ ಅಲ್ಲ. 2016ರ ಆಗಸ್ಟ್ 16ರಂದು ಕ್ಯಾಲಿಫೋರ್ನಿಯಾದಲ್ಲಿ ಬ್ಲೂ ಕಟ್ ಕಾಡ್ಗಿಚ್ಚಿನಿಂದ 500 ಕೆವಿ ಲೈನಿನಲ್ಲಿ ಫಾಲ್ಟ್ ಆಯ್ತು. ಸುಮಾರು 1,200 ಮೆಗಾವ್ಯಾಟ್ ಸೋಲಾರ್ ಒಮ್ಮೆಗೇ ಕೈಕೊಟ್ಟಿತು. ಅದರಲ್ಲಿ ದೊಡ್ಡ ಪಾಲು, ಫಾಲ್ಟ್ ಸಮಯದ ವಕ್ರ ಅಲೆಯನ್ನ ನೋಡಿ ಫ್ರೀಕ್ವೆನ್ಸಿ ಕುಸಿದಿದೆ ಅಂತ ತಪ್ಪು ತಿಳಿದು ಟ್ರಿಪ್ ಆದ ಇನ್ವರ್ಟರ್‌ಗಳದ್ದು. ಫ್ರೀಕ್ವೆನ್ಸಿ ನಿಜಕ್ಕೂ ಅಷ್ಟು ಇಳಿದಿರಲೇ ಇಲ್ಲ. ನಮ್ಮ ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟಿನದು. ಅಲ್ಲಿನ ಪ್ರತಿ ಯೂನಿಟ್ಟೂ ಇನ್ವರ್ಟರ್ ದಾಟಿಯೇ ಗ್ರಿಡ್ಡಿಗೆ ಬರಬೇಕು. ನಾಳೆ ಅಂಥ ಕಡೆ ಸೆಟ್ಟಿಂಗ್ ಹಾಕೋರು ನಾವೇ.

ಅದಕ್ಕೆ ನಮ್ಮ ಬೇಡಿಕೆ ಸಣ್ಣದು. ಪ್ರತಿ ರಿಪೋರ್ಟ್‌ನಲ್ಲಿ ಸೊನ್ನೆಯಿಂದ ಶುರುವಾಗೋ ಒಂದು ಗ್ರಾಫ್ ಕಡ್ಡಾಯ ಆಗಲಿ. ಲೋಡ್ ದಿಢೀರ್ ಹಾಕಿ ತೆಗೆಯೋ ಒಂದು ಪ್ರಯೋಗ ಲ್ಯಾಬ್ ಪಟ್ಟಿಗೆ ಸೇರಲಿ. ಗ್ರಾಫ್ ಅಂದವಾಗಿಲ್ಲ ಅಂತ ಮಾರ್ಕ್ಸ್ ಕಟ್ ಮಾಡಬೇಡಿ ಸರ್, ಮೇಡಂ. ಜೂನಿಯರ್‌ಗಳಿಗೂ ಒಂದು ಮಾತು: ಸೆಟಲ್ ಆದ ಮೇಲಿನ ಅಲೆ ಎಲ್ಲರದ್ದೂ ಒಂದೇ ಥರ ಇರುತ್ತೆ. ನಿಮ್ಮ ಸರ್ಕ್ಯೂಟ್ ಉಳಿಯುತ್ತೋ ಸಾಯುತ್ತೋ ಅನ್ನೋದು ಅದಕ್ಕೂ ಮುಂಚೆಯೇ ತೀರ್ಮಾನ ಆಗಿರುತ್ತೆ.