ಮೂಗಿಗೆ ಅಳತೆಗೋಲು, ಎದೆಗೆ ಗುಂಡು

ಮೊದಲನೆಯ ಮಹಾಯುದ್ಧಕ್ಕೆ ಕಾರಣಗಳೇನು? ಐದು ಅಂಕದ ಪ್ರಶ್ನೆ. ಸಾಮ್ರಾಜ್ಯಶಾಹಿ, ಸೈನಿಕವಾದ, ಉಗ್ರ ರಾಷ್ಟ್ರೀಯತೆ, ಗುಪ್ತ ಒಪ್ಪಂದಗಳು, 1914ರ ಜೂನ್ 28ರಂದು ಸರಾಯೆವೋದಲ್ಲಿ ಆಸ್ಟ್ರಿಯದ ಯುವರಾಜನ ಕೊಲೆ. ನರಿಮೊಗರಿನಿಂದ ಸುಳ್ಯದವರೆಗೆ ನಮ್ಮ ಹಳ್ಳಿಯ ಮಕ್ಕಳು ಇದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಅಂಕವೂ ಸಿಗುತ್ತದೆ. ಆದರೆ ನಿಜವಾದ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಜಗತ್ತಿಗೆಲ್ಲ ನಾಗರಿಕತೆ ಕಲಿಸುತ್ತೇವೆ ಅಂತ ಹೊರಟವರು, ಸಂಗೀತ, ಕಾವ್ಯ, ತತ್ವಶಾಸ್ತ್ರ ಎಲ್ಲ ಅರೆದು ಕುಡಿದವರು, ನಾಲ್ಕು ವರ್ಷ ಕೆಸರಿನ ಹೊಂಡದಲ್ಲಿ ನಿಂತು ಸುಮಾರು 90 ಲಕ್ಷ ಸೈನಿಕರನ್ನು ಕೊಂದುಕೊಂಡದ್ದು ಹೇಗೆ? ಸಂಸ್ಕೃತಿ ಆಗ ಎಲ್ಲಿಗೆ ಹೋಗಿತ್ತು?

ಎಲ್ಲಿಗೂ ಹೋಗಿರಲಿಲ್ಲ ಅಂತ ನಾವು ಹೇಳುತ್ತೇವೆ. ಅದು ಅಲ್ಲೇ ಇತ್ತು, ಬಂದೂಕಿಗೆ ಮದ್ದು ತುಂಬುತ್ತಿತ್ತು. ಕೆಲವರು ಹುಟ್ಟಿನಿಂದಲೇ ಮೇಲು, ಕೆಲವರು ಹುಟ್ಟಿನಿಂದಲೇ ಕೀಳು. ಮೇಲಿನವ ಆಳಬೇಕು, ಕೀಳಿನವ ದುಡಿಯಬೇಕು, ಬೇಡವಾದರೆ ಸಾಯಬೇಕು. ಈ ಒಂದು ಮಾತಿಗೆ ಯೂರೋಪಿನ ಪಂಡಿತರು ನೂರು ವರ್ಷ ಮೆರುಗು ಕೊಟ್ಟರು. ನಮಗೆ ಇದು ಹೊಸ ಮಾತಲ್ಲ. ಊರ ಹೊರಗೆ ಕೊಪ್ಪಗಳಲ್ಲಿ ಇರಿಸಲ್ಪಟ್ಟವರು, ಧನಿಗಳ ಅಂಗಳಕ್ಕೆ ಕಾಲಿಡದವರು, ಅಜಲಿನ ಹೆಸರಲ್ಲಿ ಎಂಜಲು ಉಂಡವರು ಯುದ್ಧದ ಕಾರಣಗಳನ್ನು ಪುಸ್ತಕ ನೋಡಿ ಕಲಿಯಬೇಕಾಗಿಲ್ಲ.

ಲೆಕ್ಕ ಹೇಳ್ತೇವೆ, ಕೇಳಿ. 1850ರ ದಶಕದಲ್ಲಿ ಗೋಬಿನೋ ಎಂಬ ಫ್ರೆಂಚ್ ದೊರೆಮಗ ಮಾನವ ಜನಾಂಗಗಳು ಸಮಾನವಲ್ಲ ಎಂದು ದಪ್ಪ ಗ್ರಂಥ ಬರೆದ. 1899ರಲ್ಲಿ ಚೇಂಬರ್ಲೇನ್ ಎಂಬ ಇಂಗ್ಲಿಷಿನವ ವಿಯೆನ್ನಾದಲ್ಲಿ ಕೂತು ಅದಕ್ಕೆ ಇನ್ನಷ್ಟು ಬಣ್ಣ ಹಚ್ಚಿದ. ಜರ್ಮನಿಯ ಕೈಸರನೇ ಅವನ ಅಭಿಮಾನಿ. ಇವರ ಬಾಯಲ್ಲಿ ‘ಆರ್ಯ’ ಎಂಬುದು ರಕ್ತದ ಹೆಸರಾಯಿತು. ಆರ್ಯ ಎಂದರೆ ಭಾಷೆಯ ವಿಷಯ, ರಕ್ತದ ವಿಷಯವಲ್ಲ ಎಂದು ಮ್ಯಾಕ್ಸ್ ಮುಲ್ಲರ್ 1888ರಲ್ಲೇ ಎಚ್ಚರಿಸಿದ್ದ. ಕೇಳುವವರು ಯಾರು? ಡಾರ್ವಿನ್ ಪ್ರಾಣಿ ಸಸ್ಯಗಳ ಬಗ್ಗೆ ಹೇಳಿದ್ದನ್ನು ಇವರು ದೇಶ ದೇಶಗಳ ಬಾಳಿಗೆ ಅಂಟಿಸಿದರು: ಬಲಿಷ್ಠ ಬದುಕುತ್ತಾನೆ, ದುರ್ಬಲ ಅಳಿಯುತ್ತಾನೆ, ಅದೇ ಪ್ರಕೃತಿ ಧರ್ಮ. ನಮ್ಮಲ್ಲಿ ಇದಕ್ಕೆ ಕರ್ಮಸಿದ್ಧಾಂತ ಅಂದರು, ಅಲ್ಲಿ ವಿಜ್ಞಾನ ಅಂದರು. ತುಳಿಯುವ ಕಾಲು ಒಂದೇ.

ಈ ವಿಜ್ಞಾನ ನಮ್ಮ ಜಿಲ್ಲೆಗೂ ಬಂತು. ಆಗ ಇದು ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡ. ನಮ್ಮ ಸೀಮೆ ಉಪ್ಪಿನಂಗಡಿ ತಾಲೂಕು. 1901ರ ಜನಗಣತಿ ನಡೆಸಿದ ರಿಸ್ಲೆ ಸಾಹೇಬನ ಪ್ರಕಾರ ಮೂಗು ಅಗಲವಾದಷ್ಟೂ ಜಾತಿ ಕೆಳಗೆ, ಮೂಗು ನೀಳವಾದಷ್ಟೂ ಜಾತಿ ಮೇಲೆ! ಮದ್ರಾಸು ಮ್ಯೂಸಿಯಂನ ಥರ್ಸ್ಟನ್ ಸಾಹೇಬ ತಲೆಬುರುಡೆ, ಮೂಗು ಅಳೆಯುವ ಉಪಕರಣ ಹಿಡಿದು ದಕ್ಷಿಣ ಇಂಡಿಯಾ ಸುತ್ತಿದ. 1909ರಲ್ಲಿ ದಕ್ಷಿಣದ ಜಾತಿ ಬುಡಕಟ್ಟುಗಳ ಬಗ್ಗೆ ಅವನ ಏಳು ಸಂಪುಟ ಹೊರಬಂತು. ಕೊರಗರು, ಹೊಲೆಯರು ಎಲ್ಲ ಅದರಲ್ಲಿ ಇದ್ದಾರೆ. ನಮ್ಮ ಅಜ್ಜಂದಿರ ಹಸಿವನ್ನು ಅಳೆಯುವ ಗೋಲು ಆ ಸಾಹೇಬರ ಚೀಲದಲ್ಲಿ ಇರಲಿಲ್ಲ. ಗೇಣಿ ಎಷ್ಟು, ಮೂಲದ ಆಳಿನ ಸಾಲ ಎಷ್ಟು ತಲೆಮಾರಿನದು ಎಂಬುದಕ್ಕಿಂತ ಮೂಗಿನ ಸೊಳ್ಳೆ ಎಷ್ಟು ಅಗಲ ಎಂಬುದು ಅವರಿಗೆ ದೊಡ್ಡ ವಿಷಯವಾಗಿತ್ತು.

ಇದೇ ಅಳತೆಗೋಲು ಆಫ್ರಿಕದಲ್ಲಿ ಏನು ಮಾಡಿತು? ಈಗಿನ ನಮೀಬಿಯದಲ್ಲಿ 1904ರಿಂದ 1908ರವರೆಗೆ ಜರ್ಮನ್ ಸೇನೆ ಹೆರೆರೊ ಮತ್ತು ನಾಮ ಜನರನ್ನು ಮರುಭೂಮಿಗೆ ಅಟ್ಟಿ, ಶಿಬಿರಗಳಲ್ಲಿ ಕೂಡಿಹಾಕಿ ಸಾವಿರ ಸಾವಿರ ಸಂಖ್ಯೆಯಲ್ಲಿ ಕೊಂದಿತು. ಸತ್ತವರ ತಲೆಬುರುಡೆಗಳು ಬರ್ಲಿನ್ನಿಗೆ ಹೋದವು, ಸಂಶೋಧನೆಗೆ. 1908ರಲ್ಲಿ ಅದೇ ನೆಲಕ್ಕೆ ಹೋಗಿ ಮಿಶ್ರ ಸಂತಾನದವರನ್ನು ಅಳೆದು ಬಂದ ಯೂಜೆನ್ ಫಿಷರ್ 1927ರಲ್ಲಿ ಬರ್ಲಿನ್ನಿನ ಮಾನವಶಾಸ್ತ್ರ ಸಂಸ್ಥೆಯ ನಿರ್ದೇಶಕನಾದ. ಹಿಟ್ಲರನ ಕಾನೂನುಗಳಿಗೆ ಶಾಸ್ತ್ರ ಒದಗಿಸಿದ್ದು ಇಂಥವರೇ. ಇದು ಜನಾಂಗಹತ್ಯೆ ಎಂದು ಜರ್ಮನ್ ಸರ್ಕಾರ ಬಾಯಿಬಿಟ್ಟು ಹೇಳಲು 2021 ಬರಬೇಕಾಯಿತು. ಬೆಲ್ಜಿಯಂನ ದೊರೆಯ ಆಡಳಿತ ಕಾಂಗೋದಲ್ಲಿ ರಬ್ಬರಿಗಾಗಿ ಕೈ ಕಡಿಯಿತು. ಬ್ರಿಟನ್ನಿನ ಕಥೆಯಂತೂ ನಮಗೇ ಗೊತ್ತು. ಪರರ ನೆಲದಲ್ಲಿ ಅಭ್ಯಾಸ ಮಾಡಿದ್ದನ್ನು 1914ರಲ್ಲಿ ತಮ್ಮ ಮನೆಯಂಗಳದಲ್ಲೇ ಮಾಡಿದರು, ಅಷ್ಟೆ. ಪಾಠಪುಸ್ತಕ ಸರಾಯೆವೋದಿಂದ ಶುರುವಾಗುತ್ತದೆ; ಕಪ್ಪು ಜನರ ಹೆಣಗಳಿಂದ ಶುರುವಾಗಬೇಕು.

ಕಲೆಯವರು, ಬುದ್ಧಿಯವರು ಏನು ಮಾಡಿದರು? 1909ರಲ್ಲಿ ಇಟಲಿಯ ಮರಿನೆಟ್ಟಿ ಎಂಬ ಕವಿ ಯುದ್ಧವನ್ನೇ ಲೋಕಕ್ಕೆ ಮಡಿ ಸ್ನಾನವೆಂದು ಹೊಗಳಿ ಪ್ರಣಾಳಿಕೆ ಹೊರಡಿಸಿದ. ಮುಂದೆ ಅವನು ಮುಸೊಲಿನಿಯ ಹಿಂದೆ ನಿಂತ. 1914ರ ಅಕ್ಟೋಬರಿನಲ್ಲಿ ಜರ್ಮನಿಯ 93 ಮಂದಿ ವಿದ್ವಾಂಸರು, ಕಲಾವಿದರು, ವಿಜ್ಞಾನಿಗಳು ತಮ್ಮ ಸೇನೆ ಮಾಡಿದ್ದೆಲ್ಲ ಸರಿ, ಅದು ಸಂಸ್ಕೃತಿಯ ರಕ್ಷಣೆಗೆ ಎಂದು ರುಜು ಹಾಕಿದರು. ಅವರಲ್ಲಿ ಒಬ್ಬನಾದ ಫ್ರಿಟ್ಸ್ ಹೇಬರ್ ಮರುವರ್ಷವೇ ವಿಷಗಾಳಿ ಬಿಡುವ ಕೆಲಸದ ಮುಂದಾಳಾದ. ಐನ್‌ಸ್ಟೈನ್ ರುಜು ಹಾಕಲಿಲ್ಲ. ಬಹಿರಂಗವಾಗಿ ವಿರೋಧಿಸಿದವರ ಸಂಖ್ಯೆ ಬೆರಳೆಣಿಕೆ. ಕಾರ್ಮಿಕರ ನಾಯಕರಾದರೂ ನೆಟ್ಟಗಿದ್ದರೇ? 1912ರ ನವೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ದೊಡ್ಡ ಇಗರ್ಜಿಯಲ್ಲಿ ಎಲ್ಲ ದೇಶಗಳ ಸಮಾಜವಾದಿಗಳು ಸೇರಿ ಯುದ್ಧ ಬಂದರೆ ತಡೆಯುತ್ತೇವೆ ಎಂದು ಶಪಥ ಮಾಡಿದರು. 1914ರ ಜುಲೈ 31ರಂದು ಯುದ್ಧ ಬೇಡವೆಂದ ಫ್ರಾನ್ಸಿನ ಜೊರೆಸ್‌ನನ್ನು ಗುಂಡಿಟ್ಟು ಕೊಂದರು. ಆಗಸ್ಟ್ 4ರಂದು ಜರ್ಮನಿಯ ಸಮಾಜವಾದಿ ಪಕ್ಷವೇ ಯುದ್ಧದ ಹಣಕ್ಕೆ ಕೈಯೆತ್ತಿತು. ಡಿಸೆಂಬರಿನಲ್ಲಿ ಎರಡನೆಯ ಬಾರಿ ಓಟು ಹಾಕುವಾಗ ಕಾರ್ಲ್ ಲೀಬ್‌ಕ್ನೆಕ್ಟ್ ಒಬ್ಬನೇ ಇಲ್ಲ ಅಂದ.

ಬಾಸೆಲ್ ಎಂಬ ಹೆಸರು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ ಮಾರಾಯ್ರೆ. ಆ ಊರಿನ ಮಿಶನ್‌ನವರೇ ಮಂಗಳೂರಿಗೆ ಬಂದು ಶಾಲೆ ತೆರೆದರು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ತಂದರು, 1894ರಲ್ಲಿ ಕಿಟ್ಟೆಲ್ಲರ ನಿಘಂಟು ಅಚ್ಚು ಹಾಕಿದರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಅಕ್ಷರ ಮುಟ್ಟಬಾರದವರ ಮಕ್ಕಳಿಗೆ ಅಕ್ಷರ ಕೊಟ್ಟ ಋಣವನ್ನು ನಾವು ಮರೆಯುವವರಲ್ಲ. ಖಾಕಿ ಬಣ್ಣವನ್ನು ಮಿಶನ್ನಿನ ನೇಯ್ಗೆ ಕಾರ್ಖಾನೆಯ ಹಾಲರ್ ಎಂಬಾತನೇ ಕಟ್ಟಿದ ಎಂಬ ಮಾತು ಮಂಗಳೂರಿನಲ್ಲಿ ಇವತ್ತಿಗೂ ಇದೆ. ಆ ಮಾತು ಹೇಗೇ ಇರಲಿ, 1914ರಲ್ಲಿ ಲೋಕವೇ ಖಾಕಿ ತೊಟ್ಟಾಗ ಕ್ರಿಸ್ತನ ಸಹೋದರತ್ವ ಪಾಸ್‌ಪೋರ್ಟ್ ತೋರಿಸಬೇಕಾಯಿತು. ನಿನ್ನೆಯವರೆಗೆ ‘ದೊರೆಗಳೇ’ ಅನ್ನಿಸಿಕೊಂಡ ಜರ್ಮನ್ ಪಾದ್ರಿಗಳು ಬ್ರಿಟಿಷರ ಕೈದಿಗಳಾಗಿ ಅಹಮದ್‌ನಗರದ ಶಿಬಿರ ಸೇರಿದರು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಒಡೆಯರು ಬದಲಾದರು. ನೇತ್ರಾವತಿಯ ಮಣ್ಣು ತುಳಿದು ಹಂಚು ಹಾಕುವ ಕೂಲಿಯವನು ಬದಲಾಗಲಿಲ್ಲ. ಅವನು ಮಾಡಿದ ಹಂಚು ಧನಿಗಳ ಮಾಡಿಗೆ, ಅವನ ತಲೆಯ ಮೇಲೆ ಮುಳಿಹುಲ್ಲು.

ಸಾಯಲಿಕ್ಕೆ ಮಾತ್ರ ಯಾರಾದರೂ ಆಗುತ್ತಿತ್ತು. ಇಂಡಿಯಾದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಕಡಲಾಚೆಗೆ ಒಯ್ದರು. ಸುಮಾರು 74 ಸಾವಿರ ಮಂದಿ ಸತ್ತರು. ಮೈಸೂರಿನ ಅರಸರು 50 ಲಕ್ಷ ರೂಪಾಯಿ ಕೊಟ್ಟರು. ಮೈಸೂರಿನ ಕುದುರೆ ಪಡೆ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಕಾದಿತು. ಅಹಿಂಸೆಯ ಗಾಂಧೀಜಿಯೇ 1918ರಲ್ಲಿ ಖೇಡಾದ ಹಳ್ಳಿಗಳಲ್ಲಿ ಸೈನ್ಯಕ್ಕೆ ಜನ ಕೂಡಿಸಲು ತಿರುಗಿದರು. ಮತ್ತೆ ಮಹಾರರನ್ನು ನೋಡಿ. ‘ವೀರ ಜನಾಂಗ’ ಎಂಬ ಇದೇ ಸುಳ್ಳು ಶಾಸ್ತ್ರವನ್ನು ನಂಬಿದ ಬ್ರಿಟಿಷರು 1890ರ ದಶಕದಲ್ಲಿ ಅವರನ್ನು ಸೈನ್ಯಕ್ಕೆ ಸೇರಿಸುವುದನ್ನೇ ನಿಲ್ಲಿಸಿದ್ದರು. ಹೆಣ ಸಾಲದಾದಾಗ, 1917ರಲ್ಲಿ, 111ನೇ ಮಹಾರ್ ಪಡೆ ಕಟ್ಟಿದರು. ಯುದ್ಧ ಮುಗಿದ ಮೇಲೆ 1921ರಲ್ಲಿ ಬರಖಾಸ್ತು ಮಾಡಿದರು. ಬೇಕಾದಾಗ ವೀರ, ಬೇಡವಾದಾಗ ಅಸ್ಪೃಶ್ಯ.

ಕೈದಿಗಳಾದವರನ್ನೂ ಬಿಡಲಿಲ್ಲ. ಬರ್ಲಿನ್ ಹತ್ತಿರದ ವ್ಯುನ್ಸ್‌ಡಾರ್ಫ್ ಶಿಬಿರದಲ್ಲಿ ನಮ್ಮ ಸಿಪಾಯಿಗಳ ಧ್ವನಿಯನ್ನು ತಟ್ಟೆಗಳಲ್ಲಿ ಮುದ್ರಿಸಿಕೊಂಡರು. ಜರ್ಮನಿಯ ಶಿಬಿರಗಳಲ್ಲಿ ಸಿಖ್ ಕೈದಿಗಳ ತಲೆ ಅಳೆದ ಐಕ್‌ಸ್ಟೆಟ್ ಎಂಬ ಯುವಕ 1926ರಿಂದ 1929ರವರೆಗೆ ಇಂಡಿಯಾಕ್ಕೇ ಬಂದು ಅಳೆದ, ಆಮೇಲೆ ನಾಜಿ ಕಾಲದಲ್ಲಿ ಬ್ರೆಸ್ಲಾವ್‌ನಲ್ಲಿ ಜನಾಂಗಶಾಸ್ತ್ರದ ಪ್ರಾಧ್ಯಾಪಕನಾದ.

ಈ ಇಡೀ ಹುಚ್ಚಿನ ನಡುವೆ ನಮ್ಮವನೊಬ್ಬ ಎದ್ದು ನಿಂತು ಮಾತಾಡಿದ. 1916ರ ಮೇ 9. ಫ್ರಾನ್ಸಿನ ವೆರ್ಡನ್‌ನಲ್ಲಿ ಹೆಣಗಳ ರಾಶಿ ಬೀಳುತ್ತಿದ್ದ ಹೊತ್ತು. ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೈದರ ಪ್ರಾಯದ ಭೀಮರಾವ್ ಅಂಬೇಡ್ಕರ್ ಜಾತಿಯ ಬಗ್ಗೆ ಪ್ರಬಂಧ ಓದಿದರು. ಬಣ್ಣ, ರಕ್ತ ಎಂದು ಯೂರೋಪಿನ ಪಂಡಿತರು ಜಾತಿಗೆ ಕೊಟ್ಟ ವಿವರಣೆಯನ್ನು ತಳ್ಳಿಹಾಕಿದರು. ತಮ್ಮೊಳಗೇ ಮದುವೆ ಎಂಬ ಬೇಲಿಯೇ ಜಾತಿಯ ಬೇರು ಎಂದು ತೋರಿಸಿದರು. 1917ರಲ್ಲಿ ಅವರು ಹಿಂತಿರುಗುವಾಗ ಅವರ ಪುಸ್ತಕಗಳನ್ನು ಹೊತ್ತ ಹಡಗು ಟಾರ್ಪಿಡೋ ಬಿದ್ದು ಮುಳುಗಿತು. ಬರೋಡದಲ್ಲಿ ಅಷ್ಟು ಓದಿದವರಿಗೆ ಉಳಿಯಲಿಕ್ಕೆ ಒಂದು ಕೋಣೆ ಸಿಗಲಿಲ್ಲ. 1948ರಲ್ಲಿ ಅಸ್ಪೃಶ್ಯರ ಬಗ್ಗೆ ಬರೆದಾಗ ಬಾಬಾಸಾಹೇಬರು ಆ ಮೂಗಿನ ಅಳತೆಗಳನ್ನೇ ಎತ್ತಿಕೊಂಡು ಬ್ರಾಹ್ಮಣನೂ ಅಸ್ಪೃಶ್ಯನೂ ಒಂದೇ ಜನಾಂಗ ಎಂದು ಸಾಧಿಸಿದರು. ಸಾಹೇಬರ ಕೋಲಿನಿಂದಲೇ ಸಾಹೇಬರ ಶಾಸ್ತ್ರಕ್ಕೆ ಪೆಟ್ಟು.

ನಮ್ಮ ಜಿಲ್ಲೆಯಲ್ಲೂ ಬೇರೆ ದಾರಿ ಇತ್ತು. ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಅವರ ಜಾತಿಯವರೇ ಅವರಿಗೆ ಬಹಿಷ್ಕಾರ ಹಾಕಿದರು. ಅವರು ಬಗ್ಗಲಿಲ್ಲ. ಸಂಸ್ಕೃತಿ ಎಂದರೆ ಅದು. ಆದರೆ ಯುದ್ಧ ಗೆದ್ದವರು ‘ಸ್ವಯಂನಿರ್ಣಯ’ದ ಮಾತಾಡಿ ಹದಿನೈದು ವರ್ಷ ಕಳೆದ ಮೇಲೆ, 1933ರಲ್ಲಿ, ಶಿವರಾಮ ಕಾರಂತರು ‘ಚೋಮನ ದುಡಿ’ ಬರೆದಾಗಲೂ ಈ ಸೀಮೆಯ ಹೊಲೆಯನಿಗೆ ಬೇಸಾಯಕ್ಕೆ ತುಂಡು ಗದ್ದೆ ಕನಸೇ ಆಗಿತ್ತು. ಅದಕ್ಕೆ ಎರಡು ವರ್ಷ ಮೊದಲು, 1931ರ ಮಾರ್ಚಿನಲ್ಲಿ, ಹಿಂದೂ ಮಹಾಸಭೆಯ ಮೂಂಜೆಯವರು ರೋಮಿನಲ್ಲಿ ಮುಸೊಲಿನಿಯನ್ನು ಕಂಡು, ಅಲ್ಲಿ ಮಕ್ಕಳಿಗೆ ಕವಾಯತು ಕಲಿಸುವ ಏರ್ಪಾಡನ್ನು ಮೆಚ್ಚಿಕೊಂಡು ಬಂದಿದ್ದರು. ಒಬ್ಬರಿಗೆ ಗದ್ದೆ ಕಾಣುತ್ತಿತ್ತು, ಇನ್ನೊಬ್ಬರಿಗೆ ಲಾಠಿ.

ಮಾಸ್ಟ್ರುಗಳೆ, ಗೆಳೆಯರೆ, ಇದನ್ನೆಲ್ಲ ಈಗ ಯಾಕೆ ಹೇಳುತ್ತೇವೆ? ಈ ಕರಾವಳಿಯಲ್ಲಿ ‘ಸಂಸ್ಕೃತಿ ಅಪಾಯದಲ್ಲಿದೆ’ ಎಂಬ ಕೂಗು ಎದ್ದಾಗಲೆಲ್ಲ ಬೀದಿಗೆ ಇಳಿಯುವವರು ಯಾರು? ಕೂಗಿದವರ ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಕೆಲಸದಲ್ಲಿ ಇರುತ್ತಾರೆ. ಬಿಲ್ಲವರ, ಮುಗೇರರ, ಮೊಗವೀರರ, ಬ್ಯಾರಿಗಳ ಹುಡುಗರು ಆಸ್ಪತ್ರೆಯಲ್ಲಿ, ಜೈಲಿನಲ್ಲಿ, ಮಸಣದಲ್ಲಿ. ತಾವು ಎಂದೂ ಒಳಗೆ ಬಿಡದ ಅಂಗಳವನ್ನು ಕಾಯಲು ನಮ್ಮ ಮಕ್ಕಳನ್ನು ಹೊರಗೆ ನಿಲ್ಲಿಸುತ್ತಾರೆ. 1917ರ ಮಹಾರ್ ಪಡೆಯ ಕಥೆ ಬೇರೆ ಏನು?

ಆದ್ದರಿಂದ ಕ್ಲಾಸಿನಲ್ಲಿ ಐದು ಅಂಕದ ಉತ್ತರ ಬರೆಸಿ, ಬೇಡ ಅನ್ನುವುದಿಲ್ಲ. ಆಮೇಲೆ ಹತ್ತು ನಿಮಿಷ ಪುಸ್ತಕ ಮುಚ್ಚಿಸಿ. ಹೆರೆರೊಗಳ ಹೆಸರು ಹೇಳಿ. ಥರ್ಸ್ಟನ್ನನ ಅಳತೆಗೋಲಿನ ಕಥೆ ಹೇಳಿ. 1916ರ ಆ ಇಪ್ಪತ್ತೈದರ ಹುಡುಗನ ಕಥೆ ಹೇಳಿ. ‘ಯಾರಾದರೂ ನಿನ್ನನ್ನು ಸಂಸ್ಕೃತಿಯ ಹೆಸರಲ್ಲಿ ಹೊಡೆದಾಟಕ್ಕೆ ಕರೆದರೆ ಮೊದಲು ಏನು ಕೇಳಬೇಕು?’ ಅಂತ ಮಕ್ಕಳನ್ನೇ ಕೇಳಿ. ಉತ್ತರ ನಾವು ಕೊಡುತ್ತೇವೆ: ನಿನ್ನ ಮಗ ಬರುತ್ತಾನಾ? ನಿನ್ನ ಮನೆಯೊಳಗೆ ನನಗೆ ನೀರು ಕೊಡುತ್ತೀಯಾ? ನಿನ್ನ ಗದ್ದೆಯಲ್ಲಿ ನನಗೆ ಪಾಲುಂಟಾ? ಈ ಮೂರಕ್ಕೂ ಹೌದು ಅನ್ನುವವರೆಗೆ ಅವರ ಯಾವ ಯುದ್ಧವೂ ನಮ್ಮದಲ್ಲ.