ಉದ್ಯಾನವೂ ಗುಂಡುತೋಪೂ

ನಮ್ಮ ಪಟ್ಟಣಗಳ ಅಂಚಿನಲ್ಲಿ ಈಚಿನ ವರ್ಷಗಳಲ್ಲಿ ಹೊಸ ಬಗೆಯ ತಾಣವೊಂದು ಹುಟ್ಟಿಕೊಂಡಿದೆ. ಅದನ್ನು ಕಾಡೆನ್ನುವಂತಿಲ್ಲ; ಬೇಲಿ, ಹೆಬ್ಬಾಗಿಲು, ಟಿಕೆಟ್ಟಿನ ಕಿಂಡಿ ಇವೆ. ತೋಟವೆನ್ನುವಂತೆಯೂ ಇಲ್ಲ, ಒಳಗಿನ ಮರಗಳು ಬಹುಮಟ್ಟಿಗೆ ಅರಣ್ಯ ಇಲಾಖೆಯವು. ನಮ್ಮ ರಾಜ್ಯದಲ್ಲಿ ಇದಕ್ಕೆ ವೃಕ್ಷೋದ್ಯಾನವೆಂದು ಹೆಸರು. ಸಾಲುಮರದ ತಿಮ್ಮಕ್ಕನವರ ಹೆಸರಿನಲ್ಲಿ ಇಂಥ ಉದ್ಯಾನಗಳನ್ನು ಸರ್ಕಾರ ಅನೇಕ ಕಡೆಗಳಲ್ಲಿ ತೆರೆದಿದೆ. ಕೇಂದ್ರ ಸರ್ಕಾರವೂ ೨೦೨೦ರ ವಿಶ್ವ ಪರಿಸರ ದಿನದಂದು ನಗರವನ ಯೋಜನೆಯನ್ನು ಪ್ರಕಟಿಸಿತು. ಭಾನುವಾರ ಬಂತೆಂದರೆ ಬುತ್ತಿಯ ಡಬ್ಬಿಯನ್ನೂ ನೀರಿನ ಬಾಟಲಿಯನ್ನೂ ಹಿಡಿದು, ಎಳೆಯ ಮಕ್ಕಳನ್ನು ಕಟ್ಟಿಕೊಂಡು ತಂದೆತಾಯಂದಿರು ಅಲ್ಲಿಗೆ ಹೊರಡುತ್ತಾರೆ. ಇದು ಸಂತೋಷದ ಸಂಗತಿಯೇ. ಆದರೆ ಮಗುವಿಗೆ ಅಲ್ಲಿ ದಕ್ಕುವುದೇನು, ಇದನ್ನು ಕಟ್ಟುವ ಭರದಲ್ಲಿ ನಾವು ಕಳೆದುಕೊಳ್ಳುತ್ತಿರುವುದೇನು ಎಂಬುದನ್ನು ವಿಚಾರಿಸುವುದು ಅವಶ್ಯ.

ಮಗು ಬಯಲಿಗೆ ಬರಬೇಕೆಂಬುದು ಕೇವಲ ಕವಿಗಳ ಹಂಬಲವಲ್ಲ. ಐದು ವರ್ಷದೊಳಗಿನ ಮಕ್ಕಳಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ೨೦೧೯ರಲ್ಲಿ ಸೂಚನೆಗಳನ್ನು ಹೊರಡಿಸಿತು. ಮೂರು ನಾಲ್ಕು ವರ್ಷದ ಮಗು ದಿನಕ್ಕೆ ಮೂರು ಗಂಟೆಯಾದರೂ ಮೈ ಆಡಿಸಬೇಕು; ಪರದೆಯ ಮುಂದೆ ಕೂರುವ ಕಾಲ ಒಂದು ಗಂಟೆಯನ್ನು ಮೀರಬಾರದು ಎಂದು ಅದು ಹೇಳುತ್ತದೆ. ಚೀನದ ಗುವಾಂಗ್‌ಝೌ ನಗರದ ಹನ್ನೆರಡು ಪ್ರಾಥಮಿಕ ಶಾಲೆಗಳಲ್ಲಿ ನಡೆದ ಪ್ರಯೋಗವೊಂದು ೨೦೧೫ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ಪ್ರತಿ ಶಾಲಾ ದಿನವೂ ನಲವತ್ತು ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. ಮೂರು ವರ್ಷಗಳ ಮೇಲೆ ನೋಡಿದಾಗ ಈ ಮಕ್ಕಳಲ್ಲಿ ನೂರಕ್ಕೆ ೩೦ ಮಂದಿಗೆ ಸಮೀಪದೃಷ್ಟಿ ಬಂದಿತ್ತು. ಉಳಿದ ಶಾಲೆಗಳಲ್ಲಿ ಆ ಸಂಖ್ಯೆ ೩೯ನ್ನು ದಾಟಿತ್ತು. ಅದಕ್ಕೆ ಔಷಧವಿಲ್ಲ, ಉಪಕರಣವಿಲ್ಲ. ಬೇಕಾದುದು ಬಯಲು, ಬೆಳಕು, ಕಾಲಾವಕಾಶ ಇಷ್ಟೆ.

ನಮ್ಮ ಉದ್ಯಾನಗಳು ಕೊಡುತ್ತಿರುವುದು ಇದನ್ನೆಯೆ? ಬಯಲೂ ಬೆಳಕೂ ಅಲ್ಲಿ ಇವೆ, ನಿಜ. ಆದರೆ ಅನೇಕ ಕಡೆ ಮಗುವಿಗೆ ಮೊದಲು ಕಾಣುವುದು ಸಿಮೆಂಟಿನ ಜಿಂಕೆ, ಸಿಮೆಂಟಿನ ಹುಲಿ. ಮುಂದೆ ಸಿಮೆಂಟು ಹಾಸಿದ ದಾರಿ, ಜಾರುಬಂಡೆ, ಪಟ ತೆಗೆಸಿಕೊಳ್ಳಲು ನಿಲ್ಲಿಸಿದ ಬಣ್ಣದ ಚೌಕಟ್ಟು. ಅವುಗಳ ನಡುವೆ ಹುಲ್ಲು ತುಳಿಯಬೇಡಿ, ಹೂ ಮುಟ್ಟಬೇಡಿ ಎಂಬ ಫಲಕಗಳು. ಮೂರರಿಂದ ಆರು ವರ್ಷದ ಮಗುವಿನ ಸ್ವಭಾವವೇ ಬೇರೆ. ಅದಕ್ಕೆ ನೂರು ಎಕರೆ ಬೇಡ. ಇರುವೆಯ ಸಾಲೊಂದು ಸಿಕ್ಕಿದರೆ ಅರ್ಧ ಗಂಟೆ ಅಲ್ಲೇ ಕೂರುತ್ತದೆ, ಉದುರಿದ ಎಲೆಯನ್ನು ಹರಿದು ನೋಡುತ್ತದೆ, ಮಣ್ಣನ್ನು ತೋಡುತ್ತದೆ. ಮುಟ್ಟುವುದೇ ಅದರ ಓದು. ಮುಟ್ಟಬೇಡವೆಂದು ಮೊದಲ ಹೆಜ್ಜೆಯಲ್ಲೇ ತಡೆದ ಮೇಲೆ ಅದಕ್ಕೆ ಉಳಿಯುವುದು ಜಾರುಬಂಡೆ ಮಾತ್ರ. ಜಾರುಬಂಡೆಗಾಗಿ ಕಾಡಿಗೆ ಬೇಲಿ ಹಾಕಬೇಕಾಗಿರಲಿಲ್ಲ.

ಈ ತತ್ತ್ವವೇನೂ ಹೊಸತಲ್ಲ. ಜರ್ಮನಿಯ ಫ್ರೋಬೆಲ್ ೧೮೪೦ರಲ್ಲಿ ತನ್ನ ಶಿಶುಶಾಲೆಗೆ ಮಕ್ಕಳ ತೋಟವೆಂಬ ಅರ್ಥದ ‘ಕಿಂಡರ್‌ಗಾರ್ಟನ್’ ಎಂಬ ಹೆಸರನ್ನಿಟ್ಟ. ಆ ಹೆಸರು ಇಂದು ನಮ್ಮ ಬೀದಿಬೀದಿಯ ಫಲಕಗಳಲ್ಲಿದೆ. ತೋಟ ಮಾತ್ರ ಕಾಣುವುದಿಲ್ಲ. ನಮ್ಮಲ್ಲೇ ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನವನ್ನು ಕಟ್ಟಿದರು. ಶಾಲೆಯೆನ್ನದೆ ವನವೆಂದು ಕರೆದುದರಲ್ಲಿಯೇ ಅವರ ಶಿಕ್ಷಣ ವಿಚಾರ ಅಡಗಿದೆ.

ಉದ್ಯಾನ ಮಾಡುವುದೆಂದರೆ ಕಾಡನ್ನು ಉತ್ತಮಪಡಿಸುವುದೆಂಬ ಭಾವನೆ ಆಡಳಿತದಲ್ಲಿ ಬೇರೂರಿದೆ. ಬೆಂಗಳೂರಿನ ದಕ್ಷಿಣದಲ್ಲಿರುವ ತುರಹಳ್ಳಿ ಕಾಡಿನಲ್ಲಿ ವೃಕ್ಷೋದ್ಯಾನ ಮಾಡುವ ಪ್ರಸ್ತಾಪ ೨೦೨೧ರ ಫೆಬ್ರವರಿಯಲ್ಲಿ ದೊಡ್ಡ ಚರ್ಚೆಗೆ ಬಂದಿತು. ಸುತ್ತಲಿನ ನಿವಾಸಿಗಳು ಬೀದಿಗಿಳಿದು ವಿರೋಧಿಸಿದರು. ಮಕ್ಕಳೂ ಆ ಗುಂಪಿನಲ್ಲಿದ್ದರು. ಇದ್ದ ಕಾಡನ್ನು ಇದ್ದಂತೆಯೇ ಬಿಡಿ ಎಂಬುದಷ್ಟೇ ಅವರ ಬೇಡಿಕೆ. ಸರ್ಕಾರ ಹಿಂಜರಿಯಿತು. ನಗರದ ವಿದ್ಯಾವಂತರಿಗೆ ದನಿಯುಂಟು, ಗೆದ್ದರು. ದನಿಯಿಲ್ಲದ ಚಿಕ್ಕ ಊರುಗಳ ಮಾತೇನು?

ಹಾಸನ ಜಿಲ್ಲೆಯ ಗೊರೂರನ್ನೇ ನೋಡೋಣ. ಹಾಸನ ನಗರದವರಿಗೆ ಮಹಾರಾಜ ಉದ್ಯಾನವುಂಟು, ಗೆಂಡೆಕಟ್ಟೆಯ ಕಾಡುಂಟು. ಅಲ್ಲಿಂದ ಸುಮಾರು ೨೨ ಕಿಲೋಮೀಟರು ದೂರದ ಗೊರೂರಿಗೆ ಇದ್ದುದು ಹೇಮಾವತಿ ನದಿ. ಆ ನದಿಯ ದಡದ ಬಾಳನ್ನು ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಕನ್ನಡಿಗರೆಲ್ಲರ ಮನೆಮಾತಾಗಿಸಿದರು. ೧೯೭೯ರಲ್ಲಿ ಅಣೆಕಟ್ಟು ಪೂರ್ಣಗೊಂಡಿತು, ೩೭ ಟಿ.ಎಂ.ಸಿ. ಅಡಿಗೂ ಮಿಕ್ಕ ನೀರು ಅದರ ಹಿಂದೆ ನಿಂತಿತು. ಹೊಲಗಳಿಗೆ ನೀರು ಬಂದಿತು, ಹಲವು ಹಳ್ಳಿಗಳು ಮುಳುಗಿದವು. ಲಾಭನಷ್ಟಗಳ ಆ ಲೆಕ್ಕ ಇಲ್ಲಿ ಪ್ರಕೃತವಲ್ಲ. ಮಕ್ಕಳ ಮಟ್ಟಿಗೆ ಆದುದಿಷ್ಟು: ನದಿ ಆಡುವ ವಸ್ತುವಾಗಿದ್ದುದು ನೋಡುವ ವಸ್ತುವಾಯಿತು. ಮಳೆಗಾಲದಲ್ಲಿ ಜಲಾಶಯ ತುಂಬಿ ತೂಬುಗಳನ್ನು ತೆರೆದ ದಿನ ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ದೂರದಿಂದ ನೋಡಿ ಹಿಂದಿರುಗುತ್ತಾರೆ. ನೋಟ ಭವ್ಯವಾದುದೇ. ಆದರೆ ದೂರದಿಂದ ನೋಡಿದ ನದಿಗೂ ಪಾದ ಅದ್ದಿದ ನದಿಗೂ ಅಂತರವುಂಟು.

ಹಳೆಯ ಮೈಸೂರು ಸೀಮೆಯ ಹಳ್ಳಿಗಳಿಗೆ ಇನ್ನೊಂದು ಆಸ್ತಿಯಿತ್ತು, ಗುಂಡುತೋಪು. ಊರ ಹೊರಗೆ ಮಾವು, ನೇರಳೆ, ಹುಣಿಸೆ, ಹಿಪ್ಪೆ, ಹೊಂಗೆಗಳನ್ನು ಊರೊಟ್ಟಿಗೆ ನೆಟ್ಟು ಬೆಳೆಸಿದ ಸಾರ್ವಜನಿಕ ತೋಪು ಅದು. ದಾರಿಹೋಕರಿಗೆ ನೆರಳು, ಜಾತ್ರೆಯ ದಿನ ಗಾಡಿ ಬಿಡಲು ತಾವು, ಮಕ್ಕಳಿಗೆ ಮರಕೋತಿ ಆಡಲು ಕೊಂಬೆ. ಬೇಲಿಯಿಲ್ಲ, ಟಿಕೆಟ್ಟಿಲ್ಲ, ಕಾವಲುಗಾರನಿಲ್ಲ. ಕಂದಾಯದ ದಾಖಲೆಗಳಲ್ಲಿ ಗುಂಡುತೋಪು ಎಂಬ ಮಾತು ಇಂದಿಗೂ ಇದೆ. ಆದರೆ ಸ್ಥಳಕ್ಕೆ ಹೋಗಿ ನೋಡಿದರೆ ಎಷ್ಟೋ ಕಡೆ ಒತ್ತುವರಿಯ ಹೊಲ, ನಿವೇಶನ, ಕಟ್ಟಡ. ಒಂದು ಕೈ ಊರಿನ ತೋಪು ಕರಗುವುದನ್ನು ಸುಮ್ಮನೆ ಸಹಿಸುತ್ತದೆ; ಇನ್ನೊಂದು ಕೈ ಪಟ್ಟಣದ ಅಂಚಿನಲ್ಲಿ ಹಣ ಸುರಿದು ಉದ್ಯಾನ ಕಟ್ಟುತ್ತದೆ. ಎರಡೂ ಒಂದೇ ಸರ್ಕಾರದ ಕೈಗಳೆಂಬುದೇ ಸೋಜಿಗ.

ಹಾಗೆಂದು ಹಿಂದಿನದೆಲ್ಲ ಚಿನ್ನವೆಂದು ಹೊಗಳುವುದೂ ಸಲ್ಲದು. ತೋಪಿನ ಆಟ ಎಲ್ಲ ಮಕ್ಕಳಿಗೂ ಸಮನಾಗಿ ದಕ್ಕಿರಲಿಲ್ಲ. ತಮ್ಮನನ್ನು ಸೊಂಟದ ಮೇಲೆ ಹೊತ್ತು ನಿಂತ ಹುಡುಗಿಗೆ ಮರ ಹತ್ತುವ ಬಿಡುವೆಲ್ಲಿ? ಜೀತಕ್ಕೆ ನಿಂತ ಮನೆಯ ಹುಡುಗನಿಗೆ ದನ ಕಾಯುವುದೇ ಬಾಲ್ಯ. ಜಾತಿಯ ಗೆರೆ ಕೆರೆ ಬಾವಿಗಳಲ್ಲಿದ್ದಂತೆ ನೆರಳಿನಲ್ಲೂ ಇತ್ತು. ನೀರುಪಾಲಾದ ಮಕ್ಕಳನ್ನೂ ಹಾವು ಕಚ್ಚಿದ ಮಕ್ಕಳನ್ನೂ ನಮ್ಮ ನೆನಪು ಅನುಕೂಲವಾಗಿ ಮರೆಯುತ್ತದೆ. ಇದಕ್ಕೆ ಹೋಲಿಸಿದರೆ ಸಾರ್ವಜನಿಕ ಉದ್ಯಾನದ ಬಾಗಿಲಲ್ಲಿ ಯಾರೂ ಕುಲ ಕೇಳುವುದಿಲ್ಲ. ಆದುದರಿಂದ ಉದ್ಯಾನ ಬೇಡವೆಂಬುದು ನಮ್ಮ ವಾದವಲ್ಲ. ಕುಲ ಕೇಳದ ಬಾಗಿಲು ಹಣ ಕೇಳಿ ಬಡವನ ಮಗುವನ್ನು ಹೊರಗೆ ನಿಲ್ಲಿಸಬಾರದು ಎಂಬುದು ವಾದ.

ಹಾಸನದ ಮಕ್ಕಳಿಗೆ ಸಂಬಂಧಿಸಿದ ಮತ್ತೊಂದು ಮಾತಿದೆ. ಉದ್ಯಾನದ ಸಿಮೆಂಟಿನ ಆನೆ ಯಾರನ್ನೂ ಅಟ್ಟುವುದಿಲ್ಲ. ಆದರೆ ಆಲೂರು, ಸಕಲೇಶಪುರಗಳ ಕಾಫಿ ತೋಟಗಳ ನಡುವೆ ಶಾಲೆಗೆ ನಡೆಯುವ ಮಗುವಿಗೆ ಆನೆಯೆಂದರೆ ಬೆಳಗಿನ ಭಯ. ಮೈಸೂರು ದಸರೆಯಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನ ೨೦೨೩ರ ಡಿಸೆಂಬರ್ ೪ರಂದು ಇದೇ ಜಿಲ್ಲೆಯ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ, ಕಾಡಾನೆಯೊಡನೆ ಕಾದಾಡಿ ಸತ್ತಿತು. ಒಂದೇ ಪ್ರಾಣಿ ಒಂದೆಡೆ ಉತ್ಸವ, ಒಂದೆಡೆ ಭೀತಿ, ಮತ್ತೊಂದೆಡೆ ಸಿಮೆಂಟಿನ ಬೊಂಬೆ. ಪ್ರಕೃತಿಯನ್ನು ಬೊಂಬೆಯಾಗಿ ಮಾತ್ರ ಕಂಡು ಬೆಳೆದ ಪೌರನು ನಾಳೆ ಆನೆಯ ದಾರಿಯ ಬಗೆಗೂ ರೈತನ ಬೆಳೆಯ ಬಗೆಗೂ ತೀರ್ಮಾನ ಕೊಡತಕ್ಕವನಾಗುತ್ತಾನೆ. ಎಳೆಯ ಮಗುವಿನ ಭಾನುವಾರದ ತಿರುಗಾಟಕ್ಕೂ ನಾಡಿನ ನಾಳಿನ ವಿವೇಕಕ್ಕೂ ಸಂಬಂಧವಿರುವುದು ಇಲ್ಲಿ.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಪ್ರತಿ ಗ್ರಾಮದ ಗುಂಡುತೋಪನ್ನು ಅಳೆದು, ಗಡಿ ಗುರುತಿಸಿ, ಉಳಿದುದನ್ನಾದರೂ ಉಳಿಸಬೇಕು. ಖಾಲಿಯಾದ ಕಡೆ ಹಣ್ಣಿನ ಮರಗಳನ್ನೇ ನೆಡಬೇಕು. ಶಾಲೆಗೂ ಅಂಗನವಾಡಿಗೂ ನಡೆದು ಹೋಗುವಷ್ಟು ಹತ್ತಿರದಲ್ಲಿ ಇದಕ್ಕಿಂತ ಒಳ್ಳೆಯ ಉದ್ಯಾನ ಬೇರೆ ದೊರೆಯದು. ಎರಡನೆಯದಾಗಿ, ಈಗಿರುವ ವೃಕ್ಷೋದ್ಯಾನಗಳಲ್ಲಿ ಒಂದು ಭಾಗವನ್ನು ಏನೂ ಮಾಡದೆ ಬಿಡಬೇಕು. ಉದುರಿದ ಎಲೆಯನ್ನು ಗುಡಿಸಬಾರದು, ಬಿದ್ದ ದಿಮ್ಮಿಯನ್ನು ಸಾಗಿಸಬಾರದು. ಮಗು ಕೂತು ಮಣ್ಣು ತೋಡಿದರೆ ಯಾರೂ ಗದರಬಾರದು. ಮೂರನೆಯದಾಗಿ, ಸರ್ಕಾರಿ ಶಾಲೆ, ಅಂಗನವಾಡಿಗಳ ಮಕ್ಕಳಿಗೆ ಪ್ರವೇಶ ಉಚಿತವಾಗಿರಬೇಕು.

ಉಪಾಧ್ಯಾಯರಿಗೂ ತಂದೆತಾಯಂದಿರಿಗೂ ಒಂದು ಮಾತು. ಅರವತ್ತು ಮಕ್ಕಳನ್ನು ಬಸ್ಸಿಗೆ ತುಂಬಿ ಒಂದೇ ದಿನ ನಾಲ್ಕು ಸ್ಥಳ ತೋರಿಸುವುದು ಪ್ರವಾಸವಾದೀತೇ ಹೊರತು ಪರಿಚಯವಾಗದು. ಎಳೆಯ ಮಕ್ಕಳಿಗೆ ಒಂದೇ ಮರ ಸಾಕು. ಆದರೆ ಅದೇ ಮರದ ಬಳಿಗೆ ಬೇಸಗೆಯಲ್ಲಿ, ಮಳೆಯಲ್ಲಿ, ಚಳಿಯಲ್ಲಿ ಮತ್ತೆ ಮತ್ತೆ ಹೋಗಬೇಕು. ಹಕ್ಕಿಯ ಹೆಸರನ್ನು ಕೂಡಲೇ ಹೇಳಿಬಿಡುವ ಅವಸರವೂ ಬೇಡ. ಮಗು ಕೇಳಿದಾಗ ಹೇಳಿದರಾಯಿತು. ತಿಳಿಯದಿದ್ದರೆ ಇಬ್ಬರೂ ಕೂಡಿ ಊರಿನ ಹಿರಿಯರನ್ನು ಕೇಳಿದರಾಯಿತು.

ಹುಲಿಕಲ್ಲಿಗೂ ಕುದೂರಿಗೂ ನಡುವಿನ ದಾರಿಯಲ್ಲಿ ೩೮೫ ಆಲದ ಮರಗಳನ್ನು ಬೆಳೆಸಿದ ತಿಮ್ಮಕ್ಕನವರು ೨೦೨೫ರ ನವೆಂಬರ್ ೧೪ರಂದು, ಮಕ್ಕಳ ದಿನದಂದೇ, ತೀರಿಕೊಂಡರು. ಅವರು ಉದ್ಯಾನ ಕಟ್ಟಿದವರಲ್ಲ. ಕೊಡದಲ್ಲಿ ನೀರು ಹೊತ್ತು ದಾರಿಯ ಬದಿಯಲ್ಲಿ ಸಸಿ ಬೆಳೆಸಿದರು. ಆ ನೆರಳು ನಡೆದು ಹೋಗುವವರೆಲ್ಲರದು. ರಸ್ತೆ ಅಗಲಿಸುವ ಯೋಜನೆಯಿಂದ ೨೦೧೯ರಲ್ಲಿ ಆ ಮರಗಳಿಗೇ ಆಪತ್ತು ಬಂದಾಗ ಅವುಗಳನ್ನು ಉಳಿಸಿಕೊಡಿರೆಂದು ಅವರು ಸರ್ಕಾರವನ್ನು ಕೇಳಿಕೊಳ್ಳಬೇಕಾಯಿತು. ಅವರ ಹೆಸರನ್ನು ಹೆಬ್ಬಾಗಿಲ ಮೇಲೆ ಬರೆಸುವುದು ಸುಲಭ. ಬೇಲಿಯಿಲ್ಲದ ನೆರಳನ್ನು ಊರೂರಿನ ಮಕ್ಕಳಿಗೆ ಉಳಿಸಿಕೊಡುವುದು ಕಷ್ಟದ ಕೆಲಸ. ಆ ಹೆಸರಿಗೆ ಸಲ್ಲತಕ್ಕ ಗೌರವ ಈ ಎರಡನೆಯದೇ.